ತೊಳೆದುಹೋದ ಹಾಡು

ಜನವರಿ 9, ಸೋಮವಾರ

ದಿನಚರಿ ಬರೆಯುವ ಚಟ ನನಗೆ ಯಾವತ್ತೂ ಇರಲಿಲ್ಲ. ಹೇಳಬೇಕಾದ್ದನ್ನೆಲ್ಲ ಸಂಜೆ ಆರೂವರೆಗೆ ಅಡುಗೆಮನೆಯ ಮೇಜಿಗೆ ಮೊಣಕೈ ಊರಿ ತಂಗಿಗೆ ಹೇಳಿಬಿಡುತ್ತಿದ್ದೆ. ಅವಳು ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ನರ್ಸು, ನಾನು ರೇಡಿಯೋ ನಿಲಯದಲ್ಲಿ ಹಗಲು ಕೆಲಸದವಳು. ನಾನು ಮನೆಗೆ ಬರುವುದು ಆರಕ್ಕೆ, ಅವಳು ಹೊರಡುವುದು ಏಳೂವರೆಗೆ. ಮೂವತ್ತೊಂದು ವರ್ಷ ಒಂದೇ ಮನೆಯಲ್ಲಿದ್ದರೂ ನಾವಿಬ್ಬರೂ ಒಟ್ಟಿಗೆ ಎಚ್ಚರವಾಗಿರುತ್ತಿದ್ದದ್ದು ಆ ಒಂದೂವರೆ ಗಂಟೆ.

ಈಗ ಅವಳಿಲ್ಲ. ಅಂದರೆ ಇದ್ದಾಳೆ, ಗಟ್ಟಿಮುಟ್ಟಾಗಿ, ಆರು ಗಂಟೆ ರೈಲು ಪ್ರಯಾಣದಷ್ಟು ದೂರದಲ್ಲಿ. ಕಣ್ಣು ಮಂಜಾಗುತ್ತಿದೆ ಎಂದು ಕನ್ನಡಕ ಮಾಡಿಸಲು ಹೋದವಳು ಐವತ್ಮೂರನೆಯ ವಯಸ್ಸಿನಲ್ಲಿ ಕನ್ನಡಕದವರನ್ನೇ ಮದುವೆ ಮಾಡಿಕೊಂಡು ಅವರ ಊರಿಗೆ ಹೋದಳು. ಎಂಟು ತಿಂಗಳಾಯಿತು. ಅಲ್ಲಿಯೂ ರಾತ್ರಿ ಪಾಳಿಯೇ. ಡ್ಯೂಟಿಗೆ ಹೊರಡುವ ಮುಂಚೆ ಆರೂವರೆಗೆ ಸರಿಯಾಗಿ ನಮ್ಮ ಮದುವಣಗಿತ್ತಿಯ ಫೋನು ಬರುತ್ತದೆ. ಆರಾಮಿದ್ದೀಯಾ ಎಂದು ಕೇಳುತ್ತಾಳೆ. ಆರಾಮಿದ್ದೇನೆ ಎನ್ನುತ್ತೇನೆ. ಅದು ನಿಜವೂ ಹೌದು.

ಇವತ್ತು ನಿಲಯದ ನಿರ್ದೇಶಕರು ಕರೆದಿದ್ದರು. ದೇಶದೇಶಗಳ ಹಾಡಿನ ಸ್ಪರ್ಧೆಗೆ ನಮ್ಮ ದೇಶದಿಂದ ಹೋಗುವ ಒಂದು ಹಾಡನ್ನು ಈ ಸಲ ನಮ್ಮ ನಿಲಯವೇ ಆರಿಸಬೇಕಂತೆ. ಅರವತ್ಮೂರು ಹಾಡು ಬಂದಿವೆ. ಯಾರ ಹೆಸರೂ ಇಲ್ಲ, ಬರೀ ನಂಬರು. ಐದು ಜನರ ಸಮಿತಿ ಕೇಳುವ ಮೊದಲು ನಾನು ಅವನ್ನು ತೊಳೆದು ಕೊಡಬೇಕು. ತೊಳೆಯುವುದೆಂದರೆ ಫ್ಯಾನಿನ ಗುಂಯ್, ರಸ್ತೆಯ ಗದ್ದಲ, ಗಾಯಕರ ಏದುಸಿರು ಎಲ್ಲ ತೆಗೆದು ಧ್ವನಿಯನ್ನು ಚೊಕ್ಕ ಮಾಡುವುದು. ಮೂವತ್ತು ವರ್ಷದಿಂದ ಇದೇ ನನ್ನ ಕೆಲಸ. ನಿಲಯದಲ್ಲಿ ನನ್ನ ಹೆಸರು ಇಸ್ತ್ರಿ ಮೇಡಂ.

"ನಿಯಮದಲ್ಲಿ ಬಂದದ್ದು ಬಂದ ಹಾಗೇ ಕೇಳಿಸ್ಬೇಕು ಅಂತಿದೆಯಲ್ಲ ಸಾರ್" ಎಂದೆ.

"ನಿಯಮ ಬರೆಯೋರಿಗೆ ಕಿವಿ ಇರಲ್ಲ ಮೇಡಂ. ಒಬ್ಬ ಸ್ಟುಡಿಯೋದಲ್ಲಿ ಹಾಡಿರ್ತಾನೆ, ಇನ್ನೊಬ್ಬ ಬಚ್ಚಲಲ್ಲಿ ಹಾಡಿರ್ತಾನೆ. ಎಲ್ಲಾನೂ ಒಂದೇ ಮಟ್ಟಕ್ಕೆ ತನ್ನಿ. ನಿಮ್ಮನ್ನ ಬಿಟ್ಟು ಯಾರಿಗೆ ಹೇಳಲಿ?"

ಫೆಬ್ರವರಿ ಕೊನೆಗೆ ನನಗೆ ಅರವತ್ತು ತುಂಬುತ್ತದೆ. ಇನ್ನೆರಡು ವರ್ಷ ಮುಂದುವರಿಸಿ ಎಂಬ ನನ್ನ ಅರ್ಜಿ ಅವರ ಮೇಜಿನ ಮೇಲಿದೆ. ಅದಕ್ಕೆ ಸಹಿ ಬೀಳದಿದ್ದರೆ ಬೆಳಿಗ್ಗೆ ಎದ್ದು, ಸ್ನಾನ ಮಾಡಿ, ತಲೆ ಬಾಚಿಕೊಂಡು ನಾನು ಎಲ್ಲಿಗೆ ಹೋಗಲಿ? ಆಗಲಿ ಸಾರ್ ಎಂದೆ.

ಜನವರಿ 15, ಭಾನುವಾರ

ಮಧ್ಯಾಹ್ನ ಪಾತ್ರೆ ಎತ್ತಿಡುವಾಗ ನೋಡಿಕೊಂಡೆ, ಮುಚ್ಚಳ ಇಡುವ ಜಾಗಕ್ಕೆ ಮೊದಲು ಬಟ್ಟೆ ಹಾಸುತ್ತಿದ್ದೇನೆ. ಯಾರು ಮಲಗಿದ್ದಾರೆ ಎಂದು? ನನ್ನ ರಜೆಯ ದಿನಗಳಲ್ಲಿ ಅವಳ ಕೋಣೆಯ ಬಾಗಿಲು ಮುಚ್ಚಿರುತ್ತಿತ್ತು, ಹಗಲೇ ಅವಳಿಗೆ ರಾತ್ರಿ. ನಲ್ಲಿಯನ್ನು ಸಣ್ಣಗೆ ಬಿಡುವುದು, ಬಾಗಿಲನ್ನು ಎತ್ತಿ ಹಿಡಿದು ಹಾಕುವುದು, ಸೀನು ಬಂದರೆ ಮುಖಕ್ಕೆ ದಿಂಬು. ಕೈಕಾಲಿಗೆ ಅಂಟಿದ್ದು ಹೋಗುವುದಿಲ್ಲ.

ಹಟಕ್ಕೆ ಬಿದ್ದು ರೇಡಿಯೋ ಜೋರಾಗಿ ಹಾಕಿದೆ. ಬೇರೆ ಯಾರದೋ ಮನೆಗೆ ಬಂದು ಕೂತ ಹಾಗಾಯಿತು. ಆರಿಸಿದೆ.

ಜನವರಿ 17, ಮಂಗಳವಾರ

ಅರವತ್ಮೂರೂ ಮುಗಿಯಿತು. ಮೊದಲ ಮೂವತ್ತೆಂಟನ್ನು ಒಂದೊಂದಾಗಿ ಕೇಳಿ ತೊಳೆದೆ. ಉಳಿದ ಇಪ್ಪತ್ತೈದನ್ನು ಇವತ್ತು ಯಂತ್ರಕ್ಕೇ ಹಾಕಿಬಿಟ್ಟೆ. ಹಾಡು ಶುರುವಾಗುವ ಮೊದಲಿನ ಮೂರು ಸೆಕೆಂಡನ್ನು ತೋರಿಸಿ ಇದು ಕೊಳೆ ಎಂದು ಹೇಳಿಕೊಟ್ಟರೆ ಸಾಕು, ಅಂಥ ಸದ್ದು ಎಲ್ಲಿದ್ದರೂ ಯಂತ್ರ ಹುಡುಕಿ ತೆಗೆಯುತ್ತದೆ. ಐದೂವರೆಯ ಬಸ್ಸು ತಪ್ಪಿದರೆ ಮುಂದಿನದರಲ್ಲಿ ಬಹಳ ನೂಕುನುಗ್ಗಲು, ಅದಕ್ಕೇ ಬೇಗ ಮುಗಿಸಿದೆ.

ಆರೂವರೆಗೆ ಫೋನು ಬಂತು. ಪಕ್ಕದಲ್ಲೇ ಕೂತಿದ್ದೆ. ಎತ್ತಲಿಲ್ಲ. ದಿನಾ ಎತ್ತಿದರೆ ಇವಳಿಗೆ ಬೇರೆ ಕೆಲಸವೇ ಇಲ್ಲ ಅಂದುಕೊಂಡಾಳು.

ಜನವರಿ 25, ಬುಧವಾರ

ಸಮಿತಿ ಇವತ್ತು ಮೊದಲ ಸುತ್ತು ಕೇಳಿತು. ನನ್ನದು ಮೂಲೆಯಲ್ಲಿ ಕೂತು ಗುಂಡಿ ಒತ್ತುವ ಕೆಲಸ. ಸಮಿತಿಯಲ್ಲಿ ಹಿರಿಯ ಗಾಯಕಿಯೊಬ್ಬರಿದ್ದಾರೆ. ಅವರ ಅದೆಷ್ಟೋ ಹಾಡುಗಳಿಂದ ಉಸಿರನ್ನು ಹೆಕ್ಕಿ ತೆಗೆದವಳು ನಾನೇ, ಅದು ಅವರಿಗೆ ಗೊತ್ತಿಲ್ಲ.

ನಲವತ್ತೊಂದನೆಯದಕ್ಕೆ ಎಲ್ಲರೂ ನಕ್ಕರು. ಹಾಡೂ ಇಲ್ಲ, ರಾಗವೂ ಇಲ್ಲ, ಮೂರು ನಿಮಿಷ ಟಕ ಟಕ, ಟಕ ಟಕ. "ಯಾರೋ ಟೈಪಿಂಗ್ ಪರೀಕ್ಷೆಗೆ ಹೋಗ್ಬೇಕಾದೋರು ದಾರಿ ತಪ್ಪಿ ಬಂದಿದ್ದಾರೆ" ಎಂದರು ನಿರ್ದೇಶಕರು. ನಾನೂ ನಕ್ಕೆ. ನಾಲ್ಕು ಜನ ನಗುವಾಗ ಜೊತೆಯಲ್ಲಿ ನಕ್ಕು ಬಹಳ ದಿನವಾಗಿತ್ತು.

ಮೂರು ಹಾಡು ಉಳಿದಿವೆ. ಮೂರೂ ಚೆನ್ನಾಗಿವೆ. ಯಾವುದು ಯಾವುದೆಂದು ಬಸ್ಸು ಹತ್ತುವಷ್ಟರಲ್ಲಿ ಮರೆತಿದ್ದೆ.

ಫೆಬ್ರವರಿ 3, ಶುಕ್ರವಾರ



ಬೆಳಿಗ್ಗೆ ಹನ್ನೊಂದಕ್ಕೆ ಒಬ್ಬ ಹೆಂಗಸು ನನ್ನ ಕೋಣೆ ಹುಡುಕಿಕೊಂಡು ಬಂದರು. ಐವತ್ತರ ಆಸುಪಾಸು, ಉಗುರಿನ ಸಂದಿಯಲ್ಲಿ ಗೋಂದು, ಕತ್ತಿನ ಮೇಲೆ ಹೊಲಿಗೆಯ ಹಳೇ ಗುರುತು. ತುಟಿ ಅಲ್ಲಾಡಿದ್ದು ಕಂಡಿತು, ಮಾತು ಕೇಳಲಿಲ್ಲ. ಎದ್ದು ಹತ್ತಿರ ಹೋಗಿ ಬಗ್ಗಿದೆ. ಬರೀ ಪಿಸುಮಾತು. ಒಂಬತ್ತು ವರ್ಷದ ಹಿಂದೆ ಗಂಟಲಿನ ಆಪರೇಷನ್ ಆಯಿತಂತೆ, ಅಲ್ಲಿಂದ ಇಷ್ಟೇ ಧ್ವನಿ. ಹಾರ್ಮೋನಿಯಂ ರಿಪೇರಿ ಅಂಗಡಿ ಇಟ್ಟುಕೊಂಡಿದ್ದಾರೆ. ಆಯ್ಕೆಯಾಗಿಲ್ಲವೆಂಬ ಕಾಗದ ಅವರ ಕೈಯಲ್ಲಿತ್ತು. ನಂಬರು ನಲವತ್ತೊಂದು.

"ಬೇಜಾರಿಲ್ಲ ಮೇಡಂ. ಒಂದೇ ಒಂದು ಮಾತು ಕೇಳೋಣ ಅಂತ ಬಂದೆ. ಪೂರ್ತಿ ಕೇಳಿದ್ರಾ?"

"ನಾನು ಎಲ್ಲಾನೂ ಪೂರ್ತಿ ಕೇಳ್ತೀನಿ" ಎಂದೆ.

ತಲೆ ಆಡಿಸಿ ಹೊರಟುಹೋದರು. ಆಮೇಲೆ ಮೂಲ ಕಡತ ತೆಗೆದು ಹೆಡ್‌ಫೋನ್ ಹಾಕಿಕೊಂಡೆ.

ಹಾರ್ಮೋನಿಯಂನಿಂದ ಸ್ವರ ಹೊರಡಿಸುವ ರೀಡುಗಳನ್ನೆಲ್ಲ ಕಿತ್ತುಹಾಕಿದ್ದಾರೆ. ತಿದಿ ಒತ್ತಿದರೆ ಸ್ವರ ಬರುವುದಿಲ್ಲ, ಗಾಳಿ ಬರುತ್ತದೆ. ಒಂದೊಂದು ಸ್ವರದ ಮನೆಯಿಂದ ಒಂದೊಂದು ಥರದ ಗಾಳಿ, ದಪ್ಪ, ತೆಳು, ಬೆಚ್ಚಗೆ ಅನ್ನಿಸುವಂಥದ್ದು. ಅದರ ಮೇಲೆ ಆ ಪಿಸುಮಾತು ನಡೆದುಹೋಗುತ್ತದೆ. ಮೊದಲ ಮೂರು ಸೆಕೆಂಡು ಬರೀ ಗಾಳಿ. ನಾನು ಅದನ್ನೇ ಕೊಳೆ ಎಂದು ಯಂತ್ರಕ್ಕೆ ತೋರಿಸಿದ್ದೆ. ಪಾಪ, ಅದು ನಾನು ಹೇಳಿದ ಮಾತು ಕೇಳಿ ಗಾಳಿಯನ್ನೂ ತೆಗೆದಿದೆ, ಗಾಳಿಯಂತೆಯೇ ಇದ್ದ ಧ್ವನಿಯನ್ನೂ ತೆಗೆದಿದೆ. ಉಳಿದದ್ದು ಬೆರಳು ಒತ್ತಿದ ಕೀಲಿಗಳ ಟಕ ಟಕ.

ಹಾಡಿನ ಮಾತು ಬರೆದಿಟ್ಟುಕೊಳ್ಳುತ್ತೇನೆ.

ಚಿಲಕ ಮೆಲ್ಲಗೆ, ಕಾಲು ಮೆಲ್ಲಗೆ,
ಒಳಗೆ ಮಲಗಿದ್ದಾರೆ.
ಲೋಟ ಇಡುವಾಗ ಬೆರಳು ಕೆಳಗೆ,
ಒಳಗೆ ಮಲಗಿದ್ದಾರೆ.

ಮೂರು ಸಲ ಕೇಳಿದೆ. ಬೆರಳು ಕೆಳಗಿಟ್ಟು ಲೋಟ ಇಡುವುದು ನಾನೊಬ್ಬಳೇ ಮಾಡುವುದು ಅಂದುಕೊಂಡಿದ್ದೆ.

ಫೆಬ್ರವರಿ 6, ಸೋಮವಾರ

ನಿರ್ದೇಶಕರಿಗೆ ಹೇಳಿದೆ. ಬಾಗಿಲು ಹಾಕಿ ಬನ್ನಿ ಎಂದರು.

"ಈಗ ನೀವು ಬಾಯಿ ಬಿಟ್ರೆ ಒಂದು ಹಾಡಿನ ಮಾತಲ್ಲ ಮೇಡಂ. ಅರವತ್ಮೂರನ್ನೂ ಮೊದಲಿಂದ ಕೇಳ್ಬೇಕು. ನಿಯಮ ಮುರಿದದ್ದು ಯಾರು ಅಂತ ಬರುತ್ತೆ. ನಾನು ಹೇಳಿದ್ದು ಬಾಯಲ್ಲಿ, ನೀವು ಮಾಡಿದ್ದು ಕೈಯಲ್ಲಿ. ಯಾರದು ಉಳಿದಿರುತ್ತೆ ಹೇಳಿ?"

"ಆದ್ರೆ ಅವರ ಹಾಡನ್ನ ಯಾರೂ ಕೇಳೇ ಇಲ್ವಲ್ಲ ಸಾರ್."

"ಕೇಳಿದ್ರೆ ಮಾತ್ರ ಆರಿಸ್ತಿದ್ರಾ? ಗಂಟಲೇ ಇಲ್ಲದೋರನ್ನ ಹಾಡೋಕೆ ಕಳಿಸಿದ್ರೆ ಹೋದ ಕಡೆ ಏನಂತಾರೆ?" ನನ್ನ ಅರ್ಜಿಯನ್ನು ಕಡತಗಳ ಕೆಳಗಿನಿಂದ ಎಳೆದು ಎಲ್ಲಕ್ಕಿಂತ ಮೇಲಿಟ್ಟರು. "ಇದಕ್ಕೊಂದು ಸಹಿ ಬಾಕಿ. ಶುಕ್ರವಾರದ ಮೀಟಿಂಗ್ ಮುಗಿಲಿ, ಹಾಕ್ಬಿಡ್ತೀನಿ."

ಒಳ್ಳೆಯವರೇ. ಹತ್ತು ವರ್ಷದಲ್ಲಿ ಒಂದು ದಿನ ಏರು ದನಿಯಲ್ಲಿ ಮಾತಾಡಿದವರಲ್ಲ. ಇವತ್ತೂ ಆಡಲಿಲ್ಲ.

ಫೆಬ್ರವರಿ 8, ಬುಧವಾರ

ಬಾಯಿ ಮುಚ್ಚಿಕೊಂಡಿದ್ದರೆ ಎರಡು ವರ್ಷ.

ಫೆಬ್ರವರಿ 9, ಗುರುವಾರ

ತಂಗಿಯ ಫೋನು ಎತ್ತಿದೆ.

"ಆರಾಮಾ ಅಕ್ಕಾ?"

"ಆರಾಮು."

"ದನಿ ಹಂಗಿಲ್ವಲ್ಲ. ಏನಾದ್ರೂ ಹೇಳ್ಬೇಕಿತ್ತಾ?"

"ಏನಿಲ್ಲ. ನಿನಗೆ ಹೊತ್ತಾಗುತ್ತೆ, ಹೊರಡು."

ಇಟ್ಟ ಮೇಲೆ ಬಹಳ ಹೊತ್ತು ಅಲ್ಲೇ ಕೂತಿದ್ದೆ. ಹೇಳಬೇಕಾದ್ದು ನಾಲಿಗೆಯ ತುದಿಗೆ ಬಂದಿತ್ತು. ಕೆಲಸ ಬಿಟ್ಟರೆ ನನಗೆ ಯಾರೂ ಇಲ್ಲ, ಏನು ಮಾಡಲಿ ಹೇಳು ಎನ್ನಬೇಕಿತ್ತು. ಹೊಸದಾಗಿ ಸಂಸಾರ ಹೂಡಿದವಳ ತಲೆಯ ಮೇಲೆ ಅದನ್ನು ಹೇರುವುದು ಹೇಗೆ?

ಫೆಬ್ರವರಿ 10, ಶುಕ್ರವಾರ

ಮಾಡಿಬಿಟ್ಟೆ.

ಮೂರು ಹಾಡೂ ಮುಗಿದವು. ಸಮಿತಿಯವರು ಪೆನ್ನು ಹಿಡಿದುಕೊಂಡರು. ನಾನು ಯಾರನ್ನೂ ಕೇಳದೆ ನಲವತ್ತೊಂದನ್ನು ಹಾಕಿದೆ, ತೊಳೆಯದ್ದನ್ನು. ನಿರ್ದೇಶಕರು ತಿರುಗಿ ನನ್ನನ್ನೇ ನೋಡಿದರು. ನಿಲ್ಲಿಸಿ ಎನ್ನಲಿಲ್ಲ. ಅಂದರೆ ಆ ಹಾಡಿನ ನಡುವೆ ಮಾತಾಡಲು ಅವರಿಗೂ ಆಗಲಿಲ್ಲ ಎಂದು ನನ್ನ ಅನಿಸಿಕೆ.

ಮುಗಿದ ಮೇಲೆ ಎದ್ದು ನಿಂತು ಹೇಳಿದೆ. ನೀವು ನಕ್ಕ ಹಾಡು ಇದೇ, ಇದನ್ನು ಹಾಳು ಮಾಡಿದ್ದು ನಾನು, ಕೊನೆಯ ಇಪ್ಪತ್ತೈದನ್ನು ನಾನು ಕೇಳಲೇ ಇಲ್ಲ, ಎಲ್ಲವನ್ನೂ ಕೇಳಿದ್ದೇನೆಂದು ಆ ಹೆಂಗಸಿಗೆ ಸುಳ್ಳು ಹೇಳಿದೆ. ನಿರ್ದೇಶಕರ ಮಾತು ಎತ್ತಲಿಲ್ಲ. ಎತ್ತಬೇಕಿತ್ತೇನೋ. ನನ್ನ ತಪ್ಪೇ ಬಾಯಿತುಂಬ ಇತ್ತು.

ಆಮೇಲೆ ಎಲ್ಲರೂ ಒಟ್ಟಿಗೆ ಮಾತಾಡಿದರು. ಕಡೆಗೆ ಅರವತ್ಮೂರನ್ನೂ ಬಂದ ಹಾಗೇ ಮೊದಲಿಂದ ಕೇಳುವುದೆಂದು ತೀರ್ಮಾನವಾಯಿತು. ಗುಂಡಿ ಒತ್ತಲು ಬೇರೆಯವರು ಬರುತ್ತಾರೆ.

ಫೆಬ್ರವರಿ 17, ಶುಕ್ರವಾರ

ನಲವತ್ತೊಂದು. ಐವರಲ್ಲಿ ಮೂವರ ಮತ.

ನಾನು ಒಳಗಿರಲಿಲ್ಲ. ಹಿರಿಯ ಗಾಯಕಿ ಹೊರಗೆ ಬಂದು, ಮೆಟ್ಟಿಲ ಹತ್ತಿರ ನಿಂತಿದ್ದ ನನಗೆ ತಾವೇ ಹೇಳಿದರು. "ಅದು ಹಾಡೋ ಅಲ್ವೋ ನಂಗೊತ್ತಿಲ್ಲಮ್ಮ. ಕೇಳೋ ಅಷ್ಟು ಹೊತ್ತೂ ಕೈಲಿರೋ ಕಾಗದ ಸದ್ದು ಮಾಡೀತು ಅಂತ ಬಿಗಿಯಾಗಿ ಹಿಡ್ಕೊಂಡು ಕೂತಿದ್ದೆ. ನನ್ನ ಹಾಡಿಗೆ ಯಾರಾದ್ರೂ ಹಾಗೆ ಕೂತಿದ್ರಾ ಅಂತ ಯೋಚನೆ ಬಂತು. ಮತ ಹಾಕ್ದೆ."

ನಿರ್ದೇಶಕರಿಂದ ಒಂದು ಲಕೋಟೆ ಬಂತು. ಸೇವೆ ಮುಂದುವರಿಸಲು ಸಾಧ್ಯವಿಲ್ಲವೆಂದು ವಿಷಾದಿಸುತ್ತಾರೆ. ಭಾಷೆ ಚೆನ್ನಾಗಿತ್ತು.

ಫೆಬ್ರವರಿ 18, ಶನಿವಾರ

ಹಾರ್ಮೋನಿಯಂ ಅಂಗಡಿ ಹುಡುಕಿಕೊಂಡು ಹೋದೆ. ಬೀಗದ ಕೈ ಮಾಡುವವನ ಅಂಗಡಿಗೂ ಔಷಧಿ ಅಂಗಡಿಗೂ ನಡುವೆ, ಒಬ್ಬರು ನಿಂತರೆ ಇನ್ನೊಬ್ಬರು ಕೂರಬೇಕು, ಅಷ್ಟೇ ಜಾಗ. ಗೋಡೆ ತುಂಬ ಬಿಚ್ಚಿದ ತಿದಿಗಳು. ಆಯ್ಕೆಯ ಸುದ್ದಿ ಅವರಿಗೆ ಆಗಲೇ ಬಂದಿತ್ತು, ನನ್ನ ಸುದ್ದಿಯೂ ಬಂದಿತ್ತು.

ಕ್ಷಮಿಸಿ ಎಂದೆ. ರಿಪೇರಿಯಮ್ಮ ತಲೆಯೆತ್ತದೆ ತಿದಿಯ ಚರ್ಮಕ್ಕೆ ಗೋಂದು ಹಚ್ಚುತ್ತಲೇ ಇದ್ದರು.

"ಒಂಬತ್ತು ವರ್ಷದಿಂದ ಎಲ್ರೂ ಏನು, ಏನು ಅಂತ ಕೇಳ್ತಾರೆ. ಎರಡನೇ ಸಲ ಹೇಳೋಷ್ಟರಲ್ಲಿ ತಲೆ ಆಡಿಸಿಬಿಡ್ತಾರೆ, ಕೇಳಿಸಿದೋರ ಹಾಗೆ. ನೀವೂ ಹಾಗೇ ಮಾಡಿದ್ರಿ."

"ಹೌದು" ಎಂದೆ.

"ಬಹಳ ಸಿಟ್ಟಿದೆ ನಂಗೆ."

"ಇರ್ಬೇಕಾದ್ದೇ."

ಕೂರಿ ಎನ್ನಲಿಲ್ಲ. ಹೋಗಿ ಎಂದೂ ಅನ್ನಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, ಆ ತುದಿ ಹಿಡ್ಕೊಳ್ಳಿ, ಗೋಂದು ಒಣಗೋ ತನಕ ಬಿಡ್ಬೇಡಿ ಎಂದರು. ಹಿಡಿದುಕೊಂಡೆ.

ಫೆಬ್ರವರಿ 28, ಮಂಗಳವಾರ

ಹಾರ, ಭಾಷಣ, ಗಡಿಯಾರ. ಮೂವತ್ತು ವರ್ಷ ಕಳೆದವಳಿಗೆ ಗಡಿಯಾರವನ್ನೇ ಕೊಡುವುದು ಯಾರ ಯೋಚನೆಯೋ. ನಿರ್ದೇಶಕರು ನನ್ನ ಕಿವಿಯನ್ನು ಹೊಗಳಿದರು.

ಮಾರ್ಚ್ 1, ಬುಧವಾರ

ಸ್ನಾನ ಮಾಡಿ, ತಲೆ ಬಾಚಿಕೊಂಡು, ಚೀಲ ಹೆಗಲಿಗೆ ಹಾಕಿಕೊಂಡು ಬಾಗಿಲವರೆಗೆ ಹೋದೆ. ಅಲ್ಲಿ ನೆನಪಾಯಿತು. ತಿರುಗಿ ಬಂದು ಚೀಲ ಹಾಕಿಕೊಂಡೇ ಕುರ್ಚಿಯ ಮೇಲೆ ಕೂತೆ. ಅಳು ಬಂತು, ಅತ್ತೆ.

ಮಾರ್ಚ್ 7, ಮಂಗಳವಾರ

ಏನೂ ಇಲ್ಲ.

ಮಾರ್ಚ್ 22, ಬುಧವಾರ

ರಿಪೇರಿ ಅಂಗಡಿಯಲ್ಲಿ ಮೊನ್ನೆ ಕೊಡೆ ಬಿಟ್ಟು ಬಂದಿದ್ದೆ. ತರೋಣವೆಂದು ಹೋದವಳು ಸಂಜೆಯವರೆಗೆ ಅಲ್ಲೇ ಉಳಿದುಬಿಟ್ಟೆ. ಪತ್ರಿಕೆಯಲ್ಲಿ ಯಾರೋ ಬರೆದಿದ್ದಾರೆ, ಗಂಟಲಿಲ್ಲದ ಗಾಯಕಿಯಂತೆ, ದೇಶದ ಮಾನ ಹರಾಜಂತೆ. ಓದಿ ಹೇಳಿ ಎಂದರು ರಿಪೇರಿಯಮ್ಮ. ಓದಿದೆ. "ನೀವು ಓದೋದು ಚೆನ್ನಾಗಿದೆ, ಎಲ್ಲೂ ಉಸಿರೇ ತಗೊಳ್ಳಲ್ಲ" ಎಂದರು. ಇಬ್ಬರೂ ನಕ್ಕೆವು. ಅವರು ನಕ್ಕರೆ ಸದ್ದು ಬರುವುದಿಲ್ಲ, ಭುಜ ಕುಣಿಯುತ್ತದೆ.

ಈ ಸಲವೂ ಕೊಡೆ ಅಲ್ಲೇ ಮರೆತು ಬಂದೆ. ವಯಸ್ಸಾಯಿತು.

ಏಪ್ರಿಲ್ 16, ಭಾನುವಾರ

ಸ್ಪರ್ಧೆಯಲ್ಲಿ ಹಾಡುವವರ ಧ್ವನಿಯನ್ನು ಮೈಕಿನಿಂದ ಸಭೆಗೆ ಮುಟ್ಟಿಸುವವರು ಹೊರದೇಶದವರು. ಅವರಿಗೇನೆಂದು ಬರೆದು ಕಳಿಸಬೇಕೆಂದು ರಿಪೇರಿಯಮ್ಮ ಕೇಳಿದರು. ಮಧ್ಯಾಹ್ನವೆಲ್ಲ ಕೂತು ಬರೆದೆವು. ಕೊನೆಗೆ ಎಲ್ಲ ಹೊಡೆದುಹಾಕಿ ಒಂದೇ ಸಾಲು ಉಳಿಸಿದೆವು. ಗಾಳಿಯನ್ನು ತೆಗೆಯಬೇಡಿ, ಅದೇ ಹಾಡು.

ತಂಗಿ ಫೋನು ಮಾಡುವ ಆರೂವರೆಯ ಹೊತ್ತಿಗೆ ನಾನು ಇನ್ನೂ ಬಸ್ಸಿನಲ್ಲಿದ್ದೆ. ಮನೆಗೆ ಬಂದು ನಾನೇ ಮಾಡಿದೆ. ಅವಳು ಆಗಲೇ ಹೊರಟುಬಿಟ್ಟಿದ್ದಳು. ಕನ್ನಡಕದವರು ಎತ್ತಿದರು. ಅವರೊಡನೆ ಹತ್ತು ನಿಮಿಷ ಮಾತಾಡಿದೆ. ಹಗಲು ಹೊತ್ತು ಅಂಗಡಿಗೆ ಹೋಗುವಾಗ ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು ಹೊರಬಾಗಿಲವರೆಗೆ ಹೋಗುತ್ತಾರಂತೆ. ಕೆಟ್ಟ ಮನುಷ್ಯರಲ್ಲ.

ಮೇ 13, ಶನಿವಾರ

ರಾತ್ರಿ ಸ್ಪರ್ಧೆ. ಟೀವಿಯ ಮುಂದೆ ಒಬ್ಬಳೇ ಕೂತಿದ್ದೆ. ಬೆಂಕಿ, ಹೊಗೆ, ಮೇಲಿಂದ ಇಳಿಯುವವರು, ಕೆಳಗಿಂದ ಏಳುವವರು. ಹದಿನಾಲ್ಕನೆಯವರಾಗಿ ರಿಪೇರಿಯಮ್ಮ ಬಂದರು, ದಿನಾ ಅಂಗಡಿಗೆ ಹಾಕುವ ಬಟ್ಟೆಯಲ್ಲೇ. ಕೂತು ತಿದಿ ಒತ್ತಿದರು. ಮೊದಲು ಜನ ಗಲಗಲ ಮಾತಾಡುತ್ತಲೇ ಇದ್ದರು, ಏನೋ ಕೆಟ್ಟಿದೆ ಅಂದುಕೊಂಡಿರಬೇಕು. ಆಮೇಲೆ ಮುಂದಿನ ಸಾಲು ಸುಮ್ಮನಾಯಿತು, ಅದರ ಹಿಂದಿನದು, ಅದರ ಹಿಂದಿನದು. ಅಷ್ಟು ದೊಡ್ಡ ಸಭೆ ಯಾರನ್ನೋ ಎಬ್ಬಿಸಬಾರದೆಂಬಂತೆ ಕೂತಿತ್ತು.

ಇಪ್ಪತ್ತಾರು ಹಾಡುಗಳಲ್ಲಿ ಇಪ್ಪತ್ತೊಂದನೆಯ ಸ್ಥಾನ. ನಿರ್ದೇಶಕರಿಗೆ ಸಮಾಧಾನವಾಗಿರಬಹುದು. ಒಂದು ಧ್ವನಿಯನ್ನೂ ತೊಳೆಯದೆ ನಾನು ಮಾಡಿದ ಒಂದೇ ಕೆಲಸ ಇದು, ನನಗೆ ಬಹಳ ಸಂತೋಷವಾಗಿದೆ. ಹೇಳಿಕೊಳ್ಳಲು ಯಾರೂ ಇಲ್ಲದ್ದಕ್ಕೆ ಅಷ್ಟೇ ದುಃಖವೂ ಆಗಿದೆ.

ಮೇ 14, ಭಾನುವಾರ

ಬೆಳಿಗ್ಗೆ ಎಂಟಕ್ಕೇ ಫೋನು. ಈ ಹೊತ್ತಿಗೆ ಯಾರಪ್ಪ ಎಂದು ಗಾಬರಿಯಲ್ಲಿ ಎತ್ತಿದೆ. ತಂಗಿ. ಡ್ಯೂಟಿ ಮುಗಿಸಿ ಆಗ ತಾನೇ ಮನೆಗೆ ಬಂದಿದ್ದಳು.

"ವಾರ್ಡಿನ ಟೀವೀಲಿ ನೋಡ್ದೆ ಅಕ್ಕಾ. ಆ ಹಾಡು."

"ಹೌದಾ. ಚೆನ್ನಾಗಿತ್ತಾ?"

ಮೂಗೆಳೆದುಕೊಂಡದ್ದು ಕೇಳಿತು.

"ಯಾಕೆ, ಶೀತಾನಾ?"

"ನಿಂಗೊಂದು ಹೇಳ್ಬೇಕು. ಬಯ್ಯಬಾರ್ದು."

"ಹೇಳು."

"ನಾನು ಮಲಗಿರ್ತಿರ್ಲಿಲ್ಲ ಅಕ್ಕಾ. ನಿನ್ನ ರಜೆ ದಿನ ಎಷ್ಟೋ ಸಲ ಹನ್ನೊಂದಕ್ಕೇ ಎಚ್ಚರ ಆಗ್ಬಿಡ್ತಿತ್ತು. ಹೊರಗೆ ನೀನು ಲೋಟ ಇಡೋದು, ಬಾಗಿಲು ಎತ್ತಿ ಹಾಕೋದು, ಎಲ್ಲಾ ಕೇಳಿಸ್ತಿತ್ತು. ಎದ್ದು ಬಂದ್ರೆ, ಅಯ್ಯೋ ನಾನೇ ಎಬ್ಬಿಸ್ಬಿಟ್ಟೆ ಅಂತ ನೀನು ದಿನವಿಡೀ ಕೊರಗ್ತಿದ್ದೆ. ಅದಕ್ಕೇ ಬರ್ತಿರ್ಲಿಲ್ಲ. ಸಂಜೆವರೆಗೂ ಗೋಡೆ ನೋಡ್ಕೊಂಡು ಬಿದ್ದಿರ್ತಿದ್ದೆ."

ನಾನು ಕುರ್ಚಿ ಎಳೆದುಕೊಂಡು ಕೂತೆ.

"ಇವರು ಮದುವೆ ಆಗ್ತೀಯಾ ಅಂತ ಕೇಳಿದಾಗ ಮೊದಲು ಬಂದ ಯೋಚನೆ ಏನು ಗೊತ್ತಾ? ಹೋಗ್ಲಿ, ಅಕ್ಕ ಇನ್ನಾದ್ರೂ ಮನೇಲಿ ಕೈಬೀಸಿ ಓಡಾಡ್ಲಿ ಅಂತ. ಆಮೇಲೆ ದಿನಾ ಫೋನ್ ಮಾಡ್ತೀನಿ, ನೀನು ಆರಾಮು, ಆರಾಮು ಅಂತೀಯ. ನಾನು ಹೋಗಿದ್ದು ಒಳ್ಳೇದೇ ಆಯ್ತು ಅಂದ್ಕೊಂಡೆ."

ಮೂವತ್ತೊಂದು ವರ್ಷ. ಎಷ್ಟು ಭಾನುವಾರ ಆಯಿತೆಂದು ಲೆಕ್ಕ ಹಾಕಲು ಹೋಗಿ ಬಿಟ್ಟೆ. ಒಂದು ಬಾಗಿಲಿನ ಆ ಕಡೆ ಅವಳು ಎಚ್ಚರ, ಈ ಕಡೆ ನಾನು ಎಚ್ಚರ.

"ನಾನು ಆರಾಮಿಲ್ಲ ಕಣೇ" ಎಂದೆ. "ನೀನು ಹೋದಾಗಿಂದ ಒಂದು ದಿನವೂ ಆರಾಮಿಲ್ಲ. ಕೆಲಸಾನೂ ಹೋಯ್ತು, ನಿನಗೆ ಹೇಳಲಿಲ್ಲ."

ಅತ್ತಳು. ನಾನೂ ಅತ್ತೆ. ಇಬ್ಬರೂ ದೊಡ್ಡ ದನಿಯಲ್ಲೇ ಅತ್ತೆವು. ಆಮೇಲೆ ಅವಳು ರಾತ್ರಿಯೆಲ್ಲ ನಿಂತು ಕೆಲಸ ಮಾಡಿ ಬಂದವಳೆಂದು ನೆನಪಾಗಿ, ಸಾಕು, ಇನ್ನು ಹೋಗಿ ಮಲಗು ಎಂದೆ.

"ನಿದ್ದೆ ಬರಲ್ಲ. ನೀನು ಮಾತಾಡು" ಎಂದಳು.

ಮೊದಲಿಂದ ಶುರು ಮಾಡಿದೆ.